ಜಕಣಾಚಾರಿಯೋ, ದಾಸೋಜನೋ?

ಬೇಲೂರಿನ ಬಗ್ಗೆ ಯಾರೇ ಬರೆಯಲಿ, "ಜಕಣಾಚಾರಿ ಕೆತ್ತಿದ ಶಿಲಾಬಾಲಿಕೆಯರು" ಅಂತ ಶುರು ಮಾಡೋದು ವಾಡಿಕೆ ಆಗಿಬಿಟ್ಟಿದೆ. ಎಲ್ಲಿ ಓದಿದ್ರಿ ಅಂತ ಕೇಳಿ ನೋಡಿ. "ಅಯ್ಯೋ, ನಾವು ಇದೇ ಸೀಮೆಯವರು ಕಣ್ರೀ, ನಮಗೆ ಗೊತ್ತಿಲ್ವಾ?" ಅಂತಾರೆ.

ಸೀಮೆಯವರಿಗೆ ಗೊತ್ತಿರೋದು ಬೇಕಾದಷ್ಟಿದೆ, ಅದರಲ್ಲಿ ಅನುಮಾನ ಇಲ್ಲ. ನಮ್ಮ ಅರಸೀಕೆರೆ ತಾಲ್ಲೂಕಿನ ಕಣಕಟ್ಟೆ ಕಡೆಯ ರೈತ, ಅಟ್ಟದ ಮೇಲಿನ ತೆಂಗಿನಕಾಯಿ ಅಲ್ಲಾಡಿಸಿ, ಒಳಗೆ ಲೊಡಲೊಡ ಅಂದ್ರೆ ಉಂಡೆ ಕೊಬ್ಬರಿ ಆಗಿದೆ ಅಂತಾನೆ. ಅವನ ಹತ್ರ ಆಧಾರ ಕೇಳೋನು ಪೆದ್ದ! ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಆಮೇಲೆ ಗಟ್ಟಿಯಾಗುತ್ತೆ ಅಂತ ಉಳಿ ಹಿಡಿದವನು ಹೇಳಿದರೂ ಅಷ್ಟೇ, ಒಪ್ಪಬಹುದು. ಅದು ಅವನ ಕೈಯಲ್ಲಿ ಆಡಿದ ಕಲ್ಲು. ಆದರೆ ಬೇಲೂರಿನ ವಿಜಯನಾರಾಯಣನ ಪ್ರತಿಷ್ಠೆ ಆದದ್ದು 1117ರಲ್ಲಿ. ಅವತ್ತು ಯಾರು ಕೆತ್ತಿದ್ರು ಅನ್ನೋದಕ್ಕೆ ನಾವ್ಯಾರೂ ಕಣ್ಣಾರೆ ಕಂಡ ಸಾಕ್ಷಿಗಳಲ್ಲ. ಊರು ಹತ್ತಿರ ಇದ್ದ ಮಾತ್ರಕ್ಕೆ ಕಾಲ ಹತ್ತಿರ ಆಗಲ್ಲ.

ತಮಾಷೆ ಅಂದ್ರೆ ಕೆತ್ತಿದವರೇ ಹೆಸರು ಬರೆದಿಟ್ಟು ಹೋಗಿದ್ದಾರೆ. ಮದನಿಕೆಯರ ಪೀಠದ ಮೇಲೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇವರ ಹೆಸರುಗಳಿವೆ. ಜಕಣಾಚಾರಿಯ ಹೆಸರು ಆ ಗುಡಿಯ ಯಾವ ಶಾಸನದಲ್ಲೂ ಇಲ್ಲ. ಅಪ್ಪ-ಮಗನ ಕಥೆ, ಕಪ್ಪೆಯ ಕಥೆ ಬಾಯಿಂದ ಬಾಯಿಗೆ ಬಂದದ್ದು. 1964ರಲ್ಲಿ 'ಅಮರಶಿಲ್ಪಿ ಜಕಣಾಚಾರಿ' ಸಿನಿಮಾ ಬಂದ ಮೇಲಂತೂ ಅದು ಬಣ್ಣದಲ್ಲೇ ಮನಸ್ಸಲ್ಲಿ ಕೂತಿದೆ. ಕಥೆ ಚೆನ್ನಾಗಿದೆ, ಹೇಳೋಣ. ಕಥೆ ಅಂತ ಹೇಳಿಯೇ ಹೇಳೋಣ. ಇಲ್ಲದಿದ್ರೆ ನಿಜವಾದ ಅಪ್ಪ-ಮಗ ಒಂಬೈನೂರು ವರ್ಷ ಕಲ್ಲಿನ ಮೇಲೆ ಹೆಸರು ಹಿಡಕೊಂಡು ನಿಂತಿದ್ದೂ ವ್ಯರ್ಥ.

ಆಧಾರ ಕೊಡೋದೇನು ಬೆಟ್ಟ ಹೊರೋ ಕೆಲಸವಲ್ಲ. ಬಿ.ಎಲ್. ರೈಸ್ 1902ರಲ್ಲೇ ಹಾಸನ ಜಿಲ್ಲೆಯ ಶಾಸನಗಳನ್ನು 'ಎಪಿಗ್ರಾಫಿಯ ಕರ್ನಾಟಿಕ'ದ ಐದನೇ ಸಂಪುಟದಲ್ಲಿ ಅಚ್ಚು ಹಾಕಿಸಿದ, ತಾಲ್ಲೂಕುವಾರು ಸಂಖ್ಯೆ ಕೊಟ್ಟು. ತಾಲ್ಲೂಕು, ಸಂಖ್ಯೆ ಬರೆದರೆ ಮುಗೀತು. ಒಂದೇ ಎಚ್ಚರ: ಮೈಸೂರು ವಿಶ್ವವಿದ್ಯಾಲಯ ಆಮೇಲೆ ತಂದ ಪರಿಷ್ಕೃತ ಸಂಪುಟಗಳಲ್ಲಿ ಸಂಖ್ಯೆ ಬೇರೆ, ಹಾಗಾಗಿ ಯಾವ ಮುದ್ರಣ ಅಂತಲೂ ಹೇಳಬೇಕು.

ಹಾಗಂತ ಶಾಸನ ಸಿಕ್ಕಿತು ಅಂದ ಕೂಡಲೇ ಎಲ್ಲ ಬಗೆಹರಿಯೋದೂ ಇಲ್ಲ. ನಮ್ಮದೇ ತಾಲ್ಲೂಕಿನ ಜಾವಗಲ್ಲಿನ ಲಕ್ಷ್ಮೀನರಸಿಂಹ ಗುಡಿಯಲ್ಲಿ ದುಡಿದವರಲ್ಲಿ ಮಲ್ಲಿತಮ್ಮ ಒಬ್ಬ. ಆ ಹೆಸರು 1268ರ ಸೋಮನಾಥಪುರದಲ್ಲೂ ಇದೆ. ಅವನು ಕೆಲಸ ಶುರು ಮಾಡಿದ್ದು 1196ರ ಅಮೃತಪುರದಲ್ಲಿ ಅಂತಾರೆ. ನಡುವೆ ಎಪ್ಪತ್ತೆರಡು ವರ್ಷ! ಒಬ್ಬನೇ ಮನುಷ್ಯನಾ, ತಾತನ ಹೆಸರಿಟ್ಟುಕೊಂಡ ಮೊಮ್ಮಗನಾ? ಇಲ್ಲಿ ಅಕ್ಷರ ಓದೋರಿಗಿಂತ, ಬಳ್ಳಿಯ ತಿರುವು ನೋಡಿ ಇದು ಇಂಥವನ ಉಳಿ ಅನ್ನಬಲ್ಲ ಶಿಲ್ಪಿಯ ಮಾತು ಮುಖ್ಯ. ಅಂಥವರು ಸಿಕ್ಕರೆ ಮೂರೂ ಗುಡಿ ತೋರಿಸಿ ಕೇಳಿ, ಅವರ ಹೆಸರು ಹಾಕಿಯೇ ಬರೀರಿ.