ಬುಕ್ಕರಾಯನ ಶಾಸನವೂ ರಾಜಾಜ್ಞೆಯ ಮೇರೆಯೂ

ಶಕ ೧೨೯೦ನೆಯ ಕೀಲಕ ಸಂವತ್ಸರದ (ಕ್ರಿ. ಶ. ೧೩೬೮) ಶ್ರವಣಬೆಳ್ಗೊಳದ ಶಾಸನವನ್ನು ಮತಸಾಮರಸ್ಯದ ನಿದರ್ಶನವೆಂದು ವಿದ್ವಾಂಸರು ಬಹುಕಾಲದಿಂದ ಕೊಂಡಾಡುತ್ತ ಬಂದಿರುವರು. ಅರಸನು ಅದರಲ್ಲಿ ಮಾಡದೆ ಬಿಟ್ಟ ಕಾರ್ಯವೂ ಅಷ್ಟೇ ವಿಚಾರಾರ್ಹವಾದುದು. ಭಕ್ತರಿಂದ ತಮಗಾದ ಅನ್ಯಾಯವನ್ನು ಜೈನರು ಬಿನ್ನವಿಸಿಕೊಳ್ಳಲು, ಬುಕ್ಕರಾಯನು ಯಾವ ದರ್ಶನವು ಸತ್ಯವೆಂಬ ವಾದಕ್ಕೆ ಎಡೆಗೊಡಲಿಲ್ಲ. ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿರಿಸಿ, ಉಭಯ ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಪಂಚಮಹಾವಾದ್ಯವೂ ಕಲಶವೂ ಜೈನರಿಗೆ ಪೂರ್ವಮರ್ಯಾದೆಯಂತೆ ಸಲ್ಲತಕ್ಕುವೆಂದು ವಿಧಿಸಿದನು. ಈ ಅಭೇದವು ಮರ್ಯಾದೆಗೆ ಸಂಬಂಧಿಸಿದುದೇ ಹೊರತು ಸಿದ್ಧಾಂತನಿರ್ಣಯವಲ್ಲ.

ಪಾಷಂಡಿಗಳ ಪೂರ್ವಾಚಾರವನ್ನೂ ಅರಸನು ಪಾಲಿಸಬೇಕೆಂದು ಯಾಜ್ಞವಲ್ಕ್ಯಸ್ಮೃತಿಯಲ್ಲಿ ವಿಧಿಯುಂಟು. ಆ ಶಬ್ದದಲ್ಲಿ ಇಂದಿನ ನಿಂದೆಯನ್ನು ಹುಡುಕಲಾಗದು. ಚಾಲುಕ್ಯರ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ವೇದಪ್ರಾಮಾಣ್ಯವನ್ನೊಪ್ಪದ ನಗ್ನರು, ಸೌಗತರು ಮೊದಲಾದವರೆಂದೇ ಅದಕ್ಕೆ ಅರ್ಥ ಬರೆದಿರುವನು.

ರಾಜ್ಯದ ಜೈನರು ಮನೆಮನೆಗೆ ವರ್ಷಕ್ಕೆ ೧ ಹಣವನ್ನು ಕೊಡತಕ್ಕುದು. ತಿರುಮಲೆಯ ತಾತಯ್ಯನು ಅದರಿಂದ ಬೆಳ್ಗೊಳದ ದೇವರ ಅಂಗರಕ್ಷೆಗೆ ೨೦ ಆಳುಗಳನ್ನಿರಿಸಿ, ಮಿಕ್ಕುದರಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣವಿಡಿಸತಕ್ಕುದು. ರಾಜಾಜ್ಞೆಯು ಮನೆಗಳನ್ನೆಣಿಸಿತು, ಒಳಗಿನ ವ್ರತ ವಿವಾಹಗಳ ಮಾತನ್ನೆತ್ತಲಿಲ್ಲ. ಕಾವಲಿನ ವೆಚ್ಚವು ಮಾತ್ರ ಪೀಡಿತರ ಮೇಲೆಯೇ ಬಿದ್ದಿತು; ಇದನ್ನು ಪ್ರಶಂಸಕರು ಸಾಮಾನ್ಯವಾಗಿ ಹೇಳುವುದಿಲ್ಲ. ಕಟ್ಟಳೆಯನ್ನು ಮೀರಿದವನನ್ನು ಶಾಸನವು ರಾಜದ್ರೋಹಿಯೆಂದಷ್ಟೇ ಅಲ್ಲದೆ ಸಂಘಕ್ಕೂ ಸಮುದಾಯಕ್ಕೂ ದ್ರೋಹಿಯೆಂದು ಹೇಳುತ್ತದೆ.