ಹೂವಿನ ಹಡಗಲಿ ಮೊದಲೋ, ಹಂಪಿ ಮೊದಲೋ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ... ನಮ್ಮ ಕಡೆ ಯಾರನ್ನಾದ್ರೂ ಕೇಳಿ, ಹಡಗಲಿಗೆ 'ಹೂವಿನ' ಅನ್ನೋ ಹೆಸರು ಯಾಕೆ ಬಂತು ಅಂತ. ವಿಜಯನಗರದ ಕಾಲದಲ್ಲಿ ಇಲ್ಲಿಂದ ತುಂಗಭದ್ರೆಯ ಮೇಲೆ ಹಂಪಿಗೆ ಹೂವು ಹೋಗ್ತಿತ್ತಂತೆ! ಚೆಂದದ ಕಥೆ. ಆದ್ರೆ ಒಂದು ತೊಡಕಿದೆ. ಹಡಗಲಿಯ ಕೇಶವಸ್ವಾಮಿ ಗುಡಿ ಕಲ್ಯಾಣ ಚಾಲುಕ್ಯರ ಕಾಲದ್ದು, 11ನೇ ಶತಮಾನ. ಹಳೆಯ ಶಾಸನದಲ್ಲೇ ಊರಿನ ಹೆಸರು 'ಪೂವಿನ ಪೊಸವಡಂಗಿಲೆ'. ವಿಜಯನಗರ ಹುಟ್ಟಿದ್ದು 1336ರಲ್ಲಿ. ಅಂದ್ರೆ ಹೂವು ಮೊದಲು, ರಾಜಧಾನಿ ಆಮೇಲೆ.

ಹಾಗಂತ ಕಥೆಯನ್ನು ಪೂರ್ತಿ ತಳ್ಳಿಹಾಕೋಕೂ ನನಗೆ ಮನಸ್ಸಿಲ್ಲ. ಆ ನಗರಕ್ಕೆ ಹೂವಿನ ಹುಚ್ಚಿದ್ದದ್ದು ನಿಜ. ಹೆರಾತಿನ ದೊರೆ ಶಾರುಖ್ (ಸಿನಿಮಾದವನಲ್ಲ ಮತ್ತೆ!) ಕಳಿಸಿದ ರಾಯಭಾರಿ ಅಬ್ದುರ್ ರಜಾಕ್ 1443ರಲ್ಲಿ ಬಂದಾಗ, ಇಲ್ಲಿನ ಜನಕ್ಕೆ ಗುಲಾಬಿ ಊಟದಷ್ಟೇ ಅಗತ್ಯ ಅಂತ ಬರೆದ. ಏಳು ಸುತ್ತಿನ ಕೋಟೆ ಬಗ್ಗೆ ಎಲ್ಲರೂ ಓದಿರ್ತೀವಿ. ಆದ್ರೆ ಹೊರಗಿನ ಸುತ್ತುಗಳ ನಡುವೆ ಮನೆಗಳ ಜೊತೆ ಹೊಲ, ತೋಟ ಇದ್ವು ಅಂತಲೂ ಅವನೇ ಹೇಳಿದ್ದಾನೆ. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ವ್ಯಾಪಾರಿ ಪಾಯೆಸ್ ಬೆಟ್ಟ ಹತ್ತಿ ನೋಡಿದ. ಊರು ರೋಮ್‌ನಷ್ಟು ದೊಡ್ಡದು ಅನ್ನಿಸಿತಂತೆ. ಒಳಗೆಲ್ಲ ಮರದ ತೋಪು, ಮನೆ ಮನೆಗೂ ತೋಟ, ನೀರಿನ ಕಾಲುವೆ. ಮಾವು, ಅಡಿಕೆ, ಹಲಸು, ನಿಂಬೆ ಒತ್ತೊತ್ತಾಗಿ ಬೆಳೆದು ಕಾಡಿನ ಹಾಗೆ ಕಾಣ್ತಿತ್ತಂತೆ.

ನಮ್ಮ ಬಿಸಿಲು ಗೊತ್ತಿರೋರಿಗೆ ಇದು ಸಣ್ಣ ಮಾತಲ್ಲ. ಬಂಡೆ, ಜಾಲಿ, ಕೆಂಪು ಧೂಳಿನ ನಾಡು. ತೋಟ ಮಾಡೋಕೆ ಮೊದಲು ನೀರು ಬೇಕು! ತುಂಗಭದ್ರೆಗೆ ಅಡ್ಡಕಟ್ಟೆ ಕಟ್ಟಿ ಕಾಲುವೆ ತಿರುಗಿಸಿದ್ರು. ಕಮಲಾಪುರದಲ್ಲಿ ಕೆರೆ ಮಾಡಿದ್ರು. ಇವತ್ತಿನ ಹೊಸಪೇಟೆ ಹತ್ತಿರ ಕೃಷ್ಣದೇವರಾಯ ದೊಡ್ಡ ಕೆರೆ ಕಟ್ಟಿಸುವಾಗ ಒಬ್ಬ ಪೋರ್ಚುಗೀಸ್ ಕಟ್ಟಡ ನಿಪುಣನ ನೆರವನ್ನೂ ಪಡೆದ. ಬೆಂಗಳೂರಲ್ಲಿ ನಾನು ನೋಡೋ ಅಪಾರ್ಟ್‌ಮೆಂಟ್ ನಕ್ಷೆಗಳಲ್ಲಿ ಹಸಿರು ಅಂದ್ರೆ ಪಾರ್ಕಿಂಗ್ ಮುಗಿದ ಮೇಲೆ ಉಳಿದ ಮೂಲೆ, ಅದಕ್ಕೆ ಟ್ಯಾಂಕರ್ ನೀರು. ಅವರು ನೀರಿನ ದಾರಿ ಯೋಚಿಸಿ ಊರು ಬೆಳೆಸಿದ್ರು.

1565ರಲ್ಲಿ ಎಲ್ಲ ಹಾಳಾಯ್ತು, ಸರಿ. ಆದ್ರೆ ತುರ್ತು ಕಾಲುವೆ ಇವತ್ತಿಗೂ ಹರಿಯುತ್ತೆ. ಅರಮನೆ ಆವರಣಕ್ಕೂ ವಿರೂಪಾಕ್ಷನ ಗುಡಿ ಕಡೆಗೂ ನಡುವಿನ ಬಯಲಲ್ಲಿ ಬಾಳೆ ಬೆಳೆಯೋದು ಅದೇ ನೀರಲ್ಲಿ. ಮುಂದಿನ ಸಲ ಹಂಪಿಗೆ ಹೋದಾಗ ಕಲ್ಲಿನ ರಥದ ಮುಂದೆ ಫೋಟೋ ಮುಗಿಸಿ ಮತಂಗ ಬೆಟ್ಟ ಹತ್ತಿ. ಬಂಡೆಗಳ ಮಧ್ಯೆ ಆ ಹಸಿರು ಪಟ್ಟಿ ಕಾಣುತ್ತೆ.