ಬಿಳಿಗಿರಿಯ ಸೋಲಿಗರು

ಚಾಮರಾಜನಗರ ಜಿಲ್ಲೆಯ ಬಿಳಿಗಿರಿ ಬೆಟ್ಟಸಾಲು ತಲೆಮಾರುಗಳಿಂದ ಸೋಲಿಗ ಆದಿವಾಸಿಗಳ ನೆಲೆ. ಇಲ್ಲಿನ ಹಾಡಿಗಳಿಗೆ ಪೋಡು ಎನ್ನುತ್ತಾರೆ. ಪ್ರತಿ ಕುಲಕ್ಕೂ ಕಾಡಿನಲ್ಲಿ ತನ್ನದೇ ಎಲ್ಲೆಯಿದೆ. ಅದರೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪೂಜೆಯ ತಾಣಗಳಿವೆ. ಹೊರಗಿನವರಿಗೆ ಬರೀ ಕಲ್ಲು, ಮರ, ತೊರೆಯಾಗಿ ಕಾಣುವ ಈ ಜಾಗಗಳೇ ಅವರ ಗುಡಿಗಳು, ಅವರ ಚರಿತ್ರೆ. ಬೃಹತ್ ಮರ ದೊಡ್ಡಸಂಪಿಗೆಗೆ ಇಂದಿಗೂ ಪೂಜೆ ಸಲ್ಲುತ್ತದೆ. ಸೋಲಿಗರ ಹೆಣ್ಣು ಕುಸುಮಾಲೆಯನ್ನು ಕೈಹಿಡಿದನೆಂದು ನಂಬುವ ಬೆಟ್ಟದ ದೇವರು ಬಿಳಿಗಿರಿರಂಗ ಇವರಿಗೆ ಬಾವನೇ ಹೌದು.

ಸೋಲಿಗರು ಹೆಜ್ಜೇನು ಬಿಚ್ಚುವಾಗ ಗೂಡನ್ನು ಪೂರ್ತಿ ಬರಿದು ಮಾಡುವುದಿಲ್ಲ. ನೆಲ್ಲಿಕಾಯಿ ಕೊಯ್ಯುವಾಗಲೂ ಹಕ್ಕಿ, ಪ್ರಾಣಿಗಳ ಪಾಲು ಮರದಲ್ಲೇ ಉಳಿಯುತ್ತದೆ. ಬೇಸಿಗೆಯ ಮೊದಲಲ್ಲಿ ತರಗೆಲೆಗೆ ಸಣ್ಣ ಬೆಂಕಿ ಇಡುವ ಪದ್ಧತಿಯೂ ಇತ್ತು. ಅದು ನಿಂತ ಮೇಲೆ ಲಂಟಾನ ಕಳೆ ಹಬ್ಬಿತೆಂಬುದು ಹಿರಿಯರ ಮಾತು. ಕಾಡು ಬಲ್ಲವರ ಈ ಮಾತನ್ನು ತಳ್ಳಿಹಾಕುವಂತಿಲ್ಲ.

1974ರಲ್ಲಿ ವನ್ಯಜೀವಿಧಾಮ ಘೋಷಣೆಯಾದ ಬಳಿಕ ಅನೇಕ ಕುಟುಂಬಗಳು ಒಳಕಾಡಿನ ನೆಲೆ ಬಿಡಬೇಕಾಯಿತು. ಬೇಟೆ, ಕುಮರಿ ಬೇಸಾಯ ನಿಂತವು. ಮುಂದೆ ಜೇನು, ಪಾಚಿ ಸಂಗ್ರಹಕ್ಕೂ ತಡೆ ಬಂತು. ಸೋಲಿಗರು ಸಂಘಟಿತರಾಗಿ, ಅರಣ್ಯ ಹಕ್ಕು ಕಾಯ್ದೆಯಡಿ ತಮ್ಮ ಎಲ್ಲೆಗಳ ನಕ್ಷೆ ಮುಂದಿಟ್ಟು ಹಕ್ಕು ಕೇಳಿದರು. 2011ರಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಇವರ ಸಮುದಾಯ ಅರಣ್ಯ ಹಕ್ಕಿಗೂ ಮನ್ನಣೆ ಸಿಕ್ಕಿತು. ದೇಶದ ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಇಂಥ ಮನ್ನಣೆ ಅದೇ ಮೊದಲು.

ಇಲ್ಲಿಗೆ ಬರುವವರು ನೆನಪಿಡಿ: ಪೋಡುಗಳು ಪ್ರದರ್ಶನದ ತಾಣಗಳಲ್ಲ, ಜನರ ಮನೆಗಳು. ಕೇಳದೆ ಫೋಟೊ ತೆಗೆಯಬೇಡಿ. ಪೂಜೆಯ ಕಲ್ಲುಗಳನ್ನು ಮುಟ್ಟಬೇಡಿ, ಕದಲಿಸಬೇಡಿ.